ಹೋಂಸ್ಟೇ ಮೇಲೆ ದಾಳಿ: ಮಾಲೀಕ, ಗಿರಾಕಿ, ಆ ಇಬ್ಬರು ಹೆಣ್ಣುಮಕ್ಕಳು, ಯಾರ ಮೇಲೆ ಯಾವ ಕಲಂ?

ಪ್ರಶ್ನೆ: ಆಲ್ದೂರಿನ ಕಡೆ ನಮಗೆ ಎಂಟು ಎಕರೆ ಕಾಫಿ ತೋಟವಿದೆ. ತೋಟದಂಚಿನ ಹಳೆಯ ಮನೆಯನ್ನು ರಿಪೇರಿ ಮಾಡಿಸಿ ನಾಲ್ಕು ಕೋಣೆಯ ಹೋಂಸ್ಟೇ ಮಾಡಿದ್ದೆ. ಮಕ್ಕಳ ಓದಿಗಾಗಿ ನಾವು ಚಿಕ್ಕಮಗಳೂರು ಪೇಟೆಗೆ ಬಂದ ಮೇಲೆ, ಎರಡು ವರ್ಷದ ಹಿಂದೆ, ಅದನ್ನು ಪರಿಚಯದವರೊಬ್ಬರಿಗೆ ತಿಂಗಳಿಗೆ 40,000 ರೂಪಾಯಿಯಂತೆ ನಡೆಸಲು ಕೊಟ್ಟೆ. ಹದಿನೈದು ದಿನದ ಹಿಂದೆ, ವೇಶ್ಯಾವಾಟಿಕೆ ನಡೆಯುತ್ತಿದೆಯೆಂದು ಅಲ್ಲಿ ಪೊಲೀಸ್ ದಾಳಿ ನಡೆದು ಮ್ಯಾನೇಜರನನ್ನೂ ಇಬ್ಬರು ಗಿರಾಕಿಗಳನ್ನೂ ಹಿಡಿದಿದ್ದಾರೆ. ಲೀಸಿಗೆ ಪಡೆದವನು ತಲೆಮರೆಸಿಕೊಂಡಿದ್ದಾನೆ. ಎಫ್‌ಐಆರ್‌ನಲ್ಲಿ ನಾನು ನಾಲ್ಕನೇ ಆರೋಪಿ. ಠಾಣೆಗೆ ಹಾಜರಾಗುವಂತೆ ನೋಟಿಸು ಬಂದಿದೆ, ಗೇಟಿಗೆ ಪೊಲೀಸರ ಬೀಗ ಬಿದ್ದಿದೆ, ಪೇಪರಿನಲ್ಲೂ ಬಂದಿದೆ. ನಾಲ್ಕು ತಿಂಗಳ ಹಿಂದೆ ನಮ್ಮ ತೋಟದ ಲೆಕ್ಕಪತ್ರ ನೋಡುವ ರೈಟರ್ ‘ರಾತ್ರಿ ಹೊತ್ತು ಕಾರುಗಳು ಬಂದು ಹೋಗುತ್ತವೆ’ ಎಂದಿದ್ದ. ಕೇಳಿದ್ದಕ್ಕೆ ಲೀಸಿನವನು ‘ವಾರಾಂತ್ಯದ ಪ್ರವಾಸಿಗರು’ ಎಂದಿದ್ದ. ನನಗೆ ಜೈಲಾಗುತ್ತದೆಯೇ? ಸಿಕ್ಕಿಬಿದ್ದ ಗಿರಾಕಿಗಳಲ್ಲಿ ಒಬ್ಬ ನನ್ನ ಸ್ನೇಹಿತನ ಮಗ, ಇಪ್ಪತ್ತನಾಲ್ಕು ವರ್ಷದ ಎಂಜಿನಿಯರ್. ಅವನ ಗತಿಯೇನು? ಇಷ್ಟೆಲ್ಲ ಆಗಿ, ಅಲ್ಲಿದ್ದ ಇಬ್ಬರು ಹೆಂಗಸರ ಮೇಲೆ ಮಾತ್ರ ಕೇಸೇ ಇಲ್ಲ. ಇದು ಯಾವ ನ್ಯಾಯ?

ಉತ್ತರ: ನಿಮ್ಮ ಪತ್ರವನ್ನು ಕೊನೆಯ ಸಾಲಿನಿಂದ ಹಿಂದಕ್ಕೆ ಓದುತ್ತೇನೆ. ಆ ಇಬ್ಬರ ಮೇಲೆ ಏಕೆ ಕೇಸಿಲ್ಲ ಎಂಬುದು ಅರ್ಥವಾದರೆ ನಿಮ್ಮ ಮೇಲೆ ಏಕೆ ಇದೆ ಎಂಬುದೂ ಅರ್ಥವಾಗುತ್ತದೆ.

ವಯಸ್ಕ ಹೆಣ್ಣೊಬ್ಬಳು ಹಣ ಪಡೆದು ದೇಹ ಒಪ್ಪಿಸುವುದೇ ಅಪರಾಧ ಎಂದು ನಮ್ಮ ದೇಶದ ಕಾಯ್ದೆಯಲ್ಲಿ ಬರೆದಿಲ್ಲ. ಮೂವತ್ತು ವರ್ಷದಿಂದ ಕೋರ್ಟಿನ ಮೆಟ್ಟಿಲು ಹತ್ತಿಳಿಯುತ್ತಿರುವ ನಾನು ಈ ಮಾತು ಹೇಳಿದಾಗ ನಂಬಿದ ಕಕ್ಷಿದಾರರು ಕಡಿಮೆ. ಆದರೆ ಕಾಯ್ದೆ ಇರುವುದೇ ಹಾಗೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, ಠಾಣೆಯ ಭಾಷೆಯಲ್ಲಿ ಐ.ಟಿ.ಪಿ. ಕೇಸು, ಹಿಡಿಯುವುದು ಆ ಕೃತ್ಯದ ಸುತ್ತ ನಿಂತವರನ್ನು: ಮನೆ ಕೊಟ್ಟವನು, ಮನೆ ನಡೆಸಿದವನು, ಕರೆತಂದವನು, ಕೂಡಿಹಾಕಿದವನು, ಆ ದುಡಿಮೆಯಲ್ಲಿ ಉಂಡವನು. 1986ರ ತಿದ್ದುಪಡಿಯಾದ ಮೇಲಂತೂ ‘ವೇಶ್ಯಾವಾಟಿಕೆ’ ಎಂಬ ಪದದ ವ್ಯಾಖ್ಯೆಯೇ ‘ವಾಣಿಜ್ಯ ಉದ್ದೇಶಕ್ಕಾಗಿ ವ್ಯಕ್ತಿಗಳ ಲೈಂಗಿಕ ಶೋಷಣೆ ಅಥವಾ ದುರುಪಯೋಗ’ ಎಂದಾಗಿದೆ. ಶೋಷಣೆ ಎಂದ ಮೇಲೆ ಶೋಷಿತರು ಇರಲೇಬೇಕು. ಹಾಗಾಗಿ ನಿಮ್ಮ ಎಫ್‌ಐಆರ್‌ನಲ್ಲಿ ಆ ಇಬ್ಬರು ‘ಸಂತ್ರಸ್ತೆಯರು’, ಆರೋಪಿಗಳಲ್ಲ. ಪೊಲೀಸರು ದಯೆ ತೋರಿ ಬಿಟ್ಟಿದ್ದಾರೆಂದಲ್ಲ.

ಹಾಗೆಂದು ಕಾಯ್ದೆ ಅವರನ್ನು ಹೂವಿನಂತೆ ಎತ್ತಿಕೊಂಡಿದೆ ಎಂದೂ ತಿಳಿಯಬೇಡಿ. ಒಂದು ಕೈಯಲ್ಲಿ ಬಿಟ್ಟದ್ದನ್ನು ಇನ್ನೊಂದು ಕೈಯಲ್ಲಿ ಹಿಡಿದಿದೆ. ಪೂಜಾಸ್ಥಳ, ಶಾಲೆ ಕಾಲೇಜು, ವಿದ್ಯಾರ್ಥಿನಿಲಯ, ಆಸ್ಪತ್ರೆ ಇವುಗಳಿಂದ 200 ಮೀಟರ್ ಒಳಗೆ, ಅಥವಾ ಸರ್ಕಾರ ಅಧಿಸೂಚಿಸಿದ ಪ್ರದೇಶದಲ್ಲಿ ನಡೆದರೆ, ಕಲಂ 7ರ ಪ್ರಕಾರ ಅವಳಿಗೂ ಮೂರು ತಿಂಗಳವರೆಗೆ ಸೆರೆ. ಸಾರ್ವಜನಿಕ ಸ್ಥಳದಲ್ಲಿ ನಿಂತು ಮಾತಿನಿಂದಲೋ ಸನ್ನೆಯಿಂದಲೋ ಗಿರಾಕಿಯನ್ನು ಕರೆದರೆ, ಕಿಟಕಿ ಬಾಲ್ಕನಿಯಿಂದ ಕರೆದರೂ ಸರಿ, ಕಲಂ 8. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 500 ರೂಪಾಯಿವರೆಗೆ ದಂಡ ಅಥವಾ ಎರಡೂ. ಎರಡನೇ ಸಲಕ್ಕೆ ಒಂದು ವರ್ಷದವರೆಗೆ. ಇದೇ ಕಲಮಿನ ಬಾಲಕ್ಕೆ ಒಂದು ಪರಂತುಕವಿದೆ, ಅಂದರೆ ‘ಆದರೆ’ ಎಂದು ಸೇರಿಸಿದ ಷರತ್ತು. ಕರೆದವನು ಗಂಡಸಾದರೆ ಕನಿಷ್ಠ ಏಳು ದಿನ, ಗರಿಷ್ಠ ಮೂರು ತಿಂಗಳು. ಒಂದೇ ತಪ್ಪು, ಹೆಣ್ಣಿಗೆ ಆರು ತಿಂಗಳು, ಗಂಡಿಗೆ ಮೂರು. ಇದನ್ನು ಬರೆದವರು ಏನು ಯೋಚಿಸಿ ಬರೆದರೋ.

ನಾನು ವಕೀಲಿ ವೃತ್ತಿಗೆ ಬಂದ ಹೊಸದರಲ್ಲಿ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ಇಂಥದೊಂದು ಕಲಂ 8ರ ಕೇಸು ನೋಡಿದ್ದೆ. ಬಸ್ ನಿಲ್ದಾಣದ ಹಿಂದೆ ಹಿಡಿದು ತಂದಿದ್ದ ಮೂವತ್ತು ದಾಟಿದ ಹೆಂಗಸು. ಕಂಕುಳಲ್ಲಿ ಜ್ವರ ಬಂದ ಮಗು. ತಪ್ಪು ಒಪ್ಪಿಕೊಂಡರೆ ಇವತ್ತೇ ಮುಗಿಯುತ್ತದೆ ಎಂದು ಯಾರೋ ಹೇಳಿದ್ದರು. ಒಪ್ಪಿಕೊಂಡಳು, ಐನೂರು ರೂಪಾಯಿ ಕಟ್ಟಿದಳು, ಮೂರೂವರೆಯ ಬಸ್ ಹಿಡಿದಳು. ಆ ಒಪ್ಪಿಗೆ ಒಂದು ಶಿಕ್ಷೆಯಾಗಿ ದಾಖಲಾಯಿತು, ಮುಂದಿನ ಸಲ ಹಿಡಿದರೆ ಅದು ‘ಎರಡನೇ ಅಪರಾಧ’ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ, ನನ್ನ ಕೇಸಲ್ಲ ಎಂದು ಸುಮ್ಮನೆ ಕೂತಿದ್ದೆ.

ಇನ್ನೂ ಎರಡು ವಿಚಿತ್ರಗಳಿವೆ. ಇಬ್ಬರು ಹೆಂಗಸರು, ಯಾವ ತಲೆಹಿಡುಕನ ಹಂಗೂ ಇಲ್ಲದೆ, ಸುರಕ್ಷಿತವಾಗಿರಲೆಂದು ಒಂದೇ ಮನೆ ಹಿಡಿದು ಇದೇ ಕೆಲಸ ಮಾಡಿದರೆ, ‘ಇಬ್ಬರ ಅಥವಾ ಹೆಚ್ಚು ಮಂದಿಯ ಪರಸ್ಪರ ಲಾಭಕ್ಕಾಗಿ’ ಎಂಬ ವ್ಯಾಖ್ಯೆಯ ಮೂಲಕ ಆ ಮನೆ ವೇಶ್ಯಾಗೃಹವಾಗುತ್ತದೆ. ಗೊತ್ತಿದ್ದೂ ಅವಳ ಸಂಪಾದನೆಯಲ್ಲಿ ಬದುಕುವ, ಹದಿನೆಂಟು ದಾಟಿದ ಯಾರೇ ಆಗಲಿ ಕಲಂ 4ಕ್ಕೆ ಸಿಗುತ್ತಾರೆ: ಎರಡು ವರ್ಷದವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ತಲೆಹಿಡುಕನಿಗೆಂದು ಹೆಣೆದ ಬಲೆ, ಆದರೆ ಕಾಲೇಜಿಗೆ ಹೋಗುವ ಅವಳ ಮಗನೂ ಹಾಸಿಗೆ ಹಿಡಿದ ತಾಯಿಯೂ ಅಕ್ಷರಶಃ ಅದರೊಳಗೇ ಬರುತ್ತಾರೆ.

2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಹೊರಡಿಸಿದ ಆದೇಶವನ್ನು ನೀವು ಕೇಳಿರಬಹುದು. ‘ವೇಶ್ಯಾವೃತ್ತಿ ಕಾನೂನುಬದ್ಧ’ ಎಂದು ಟಿ.ವಿ.ಯವರು ಅಂದು ಕೂಗಿದ್ದು ಆದೇಶಕ್ಕಿಂತ ದೊಡ್ಡ ಸದ್ದು. ನ್ಯಾಯಾಲಯವೇ ನೇಮಿಸಿದ್ದ ಸಮಿತಿಯ ಶಿಫಾರಸುಗಳಲ್ಲಿ ಕೆಲವಕ್ಕೆ ಕೇಂದ್ರ ಸರ್ಕಾರದ ತಕರಾರಿತ್ತು. ಉಳಿದವುಗಳನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ನ್ಯಾಯಾಲಯ ನಿರ್ದೇಶಿಸಿತು. ಈ ಹೆಣ್ಣುಮಕ್ಕಳೊಂದಿಗೆ ಪೊಲೀಸರು ಘನತೆಯಿಂದ ನಡೆದುಕೊಳ್ಳಬೇಕು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದರೆ ಬೇರೆ ಯಾವುದೇ ಸಂತ್ರಸ್ತೆಗೆ ಸಿಗುವ ವೈದ್ಯಕೀಯ ನೆರವು ಇವರಿಗೂ ಸಿಗಬೇಕು, ಮಾಧ್ಯಮಗಳು ಗುರುತು ಬಯಲು ಮಾಡಬಾರದು, ಕಾಂಡೋಮನ್ನು ಅಪರಾಧದ ಪುರಾವೆಯೆಂದು ತೋರಿಸಬಾರದು. ಆದೇಶ ಬಂದು ಇಷ್ಟು ಕಾಲವಾದ ಮೇಲೂ ನನ್ನ ಮೇಜಿಗೆ ಬರುವ ಮಹಜರುಗಳಲ್ಲಿ ‘ಮೂರು ಮೊಬೈಲ್, ನಗದು 4,500 ರೂಪಾಯಿ, ಕಾಂಡೋಮ್ ಪೊಟ್ಟಣ ಎರಡು, ನೀಲಿ ಬಣ್ಣದ ಬೆಡ್‌ಶೀಟ್ ಒಂದು’ ಎಂಬ ಸಾಲು ಹಳೆಯ ಮಂತ್ರದಂತೆ ಮುಂದುವರಿದಿದೆ.

ಹೆಂಗಸರ ವಿಷಯಕ್ಕೆ ಇಷ್ಟು ಜಾಗ ಕೊಟ್ಟಿದ್ದಕ್ಕೆ ಬೇಸರಪಡಬೇಡಿ. ನಿಮ್ಮ ಕೇಸಿನಲ್ಲಿ ಮುಖ್ಯ ಸಾಕ್ಷಿ ಅವರೇ. ‘ಮಾಲೀಕರು ಬಂದು ಹೋಗುತ್ತಿದ್ದರು, ಅವರಿಗೂ ಗೊತ್ತಿತ್ತು’ ಎಂದು ಅವರು ಹೇಳುತ್ತಾರೋ, ‘ಅವರನ್ನು ನಾನು ನೋಡಿಯೇ ಇಲ್ಲ’ ಎನ್ನುತ್ತಾರೋ ಎಂಬುದರ ಮೇಲೆ ನಿಮ್ಮ ಭವಿಷ್ಯ ಬಹುಪಾಲು ನಿಂತಿದೆ. ಅವರನ್ನು ಹುಡುಕಿಕೊಂಡು ಹೋಗಬೇಡಿ, ಯಾರ ಮೂಲಕವೂ ಮಾತು ಕಳಿಸಬೇಡಿ. ಸಾಕ್ಷಿಯ ಮೇಲೆ ಪ್ರಭಾವ ಬೀರಿದ ಆರೋಪ ಬಂದರೆ ಇರುವ ಜಾಮೀನೂ ಹೋಗುತ್ತದೆ.

ಈಗ ನಿಮ್ಮ ಜೈಲಿನ ಪ್ರಶ್ನೆ. ಎಫ್‌ಐಆರ್‌ನಲ್ಲಿ ‘ಕಲಂ 3, 4, 5, 7’ ಎಂದು ಒಟ್ಟಿಗೆ ಬರೆದಿರುತ್ತಾರೆ, ದೋಸೆ ಕೇಳಿದರೆ ಚಟ್ನಿ ಸಾಂಬಾರು ತಾನೇ ಬಂದ ಹಾಗೆ. ಎಲ್ಲವೂ ಎಲ್ಲರಿಗೂ ಅನ್ವಯಿಸುವುದಿಲ್ಲ. ನಿಮಗೆ ಸಂಬಂಧಪಟ್ಟದ್ದು ಕಲಂ 3. ಅದರೊಳಗೂ ಎರಡು ಮನೆಗಳಿವೆ. 3ರ 1ನೇ ಉಪಕಲಂ ವೇಶ್ಯಾಗೃಹವನ್ನು ನಡೆಸಿದವನಿಗೆ, ನಡೆಸಲು ಕೈಜೋಡಿಸಿದವನಿಗೆ: ಮೊದಲ ಸಲ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ಕಠಿಣ ಸಜೆ, 2,000 ರೂಪಾಯಿವರೆಗೆ ದಂಡ, ಎರಡನೇ ಸಲ ಎರಡರಿಂದ ಐದು ವರ್ಷ. 2ನೇ ಉಪಕಲಂ ಮನೆಯ ಮಾಲೀಕನಿಗೆ, ಅಂದರೆ ‘ಗೊತ್ತಿದ್ದೂ’ ಬಾಡಿಗೆಗೆ ಕೊಟ್ಟವನಿಗೆ ಅಥವಾ ಆ ಬಳಕೆಗೆ ಬೇಕೆಂದೇ ಪಾಲುದಾರನಾದವನಿಗೆ: ಮೊದಲ ಸಲ ಎರಡು ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ. ಇಲ್ಲಿ ಕನಿಷ್ಠ ಶಿಕ್ಷೆಯಿಲ್ಲ. ದಂಡದ ಮೊತ್ತ ಐವತ್ತರ ದಶಕದ್ದು. ಅಂದು ಎರಡು ಸಾವಿರ ಬೆಚ್ಚಿಬೀಳಿಸುವ ಹಣ, ಇಂದು ನಿಮ್ಮಂಥ ಹೋಂಸ್ಟೇಯಲ್ಲಿ ಒಬ್ಬರ ಒಂದು ರಾತ್ರಿ.

ಈ ಎರಡು ಉಪಕಲಂಗಳ ನಡುವೆ ಜಾಮೀನಿನ ವ್ಯತ್ಯಾಸವೂ ಇದೆ. ಮೂರು ವರ್ಷದ ಶಿಕ್ಷೆಯಿರುವ ಮೊದಲನೆಯದು ಜಾಮೀನುರಹಿತ. ಎರಡು ವರ್ಷದ ಎರಡನೆಯದಕ್ಕೆ ಜಾಮೀನು ನಿಮ್ಮ ಹಕ್ಕು. ಬರೀ ‘ಕಲಂ 3’ ಎಂದಷ್ಟೇ ಬರೆದಿದ್ದರೆ ಮ್ಯಾನೇಜರನ ಜೊತೆಗೇ ನಿಮ್ಮನ್ನೂ ಕಟ್ಟುವ ಅಪಾಯವಿದೆ. ಆದ್ದರಿಂದ ವಕೀಲರಿಂದ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿಸಿ. ಸಿ.ಆರ್.ಪಿ.ಸಿ.ಯ ಜಾಗಕ್ಕೆ ಬಂದಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು ಕಲಂ 482. ಹಳೆಯ ಸಂಹಿತೆಯಲ್ಲಿ 482 ಎಂದರೆ ಎಫ್‌ಐಆರ್ ರದ್ದತಿಯಾಗಿತ್ತು, ಈಗ ಆ ಅಧಿಕಾರ 528ಕ್ಕೆ ಹೋಗಿದೆ. ಹೊಸ ಸಂಹಿತೆ ಜಾರಿಯಾದ 2024ರ ಜುಲೈ 1ರ ನಂತರ ಬಾರ್ ರೂಮಿನಲ್ಲಿ ಹಿರಿಯ ವಕೀಲರೂ ಈ ಎರಡನ್ನು ಅದಲುಬದಲು ಮಾಡಿ ನಾಲಿಗೆ ಕಚ್ಚಿಕೊಂಡಿದ್ದಾರೆ, ನಾನೂ ಅವರಲ್ಲಿ ಒಬ್ಬ. ನಿಮಗೆ ಬಂದ ನೋಟಿಸು ಅದೇ ಸಂಹಿತೆಯ 35(3)ರದ್ದಾಗಿದ್ದರೆ, ಹೇಳಿದ ದಿನ ತಪ್ಪದೆ ಹೋಗಿ. ನೋಟಿಸಿಗೆ ಓಗೊಟ್ಟವನನ್ನು ಸಾಮಾನ್ಯವಾಗಿ ಬಂಧಿಸುವಂತಿಲ್ಲ, ಬಂಧಿಸಬೇಕಾದರೆ ಕಾರಣ ಬರೆದಿಡಬೇಕು.

ಹಾಗಾದರೆ ಎಲ್ಲವೂ ‘ಗೊತ್ತಿತ್ತೇ’ ಎಂಬ ಒಂದು ಪದಕ್ಕೆ ಬಂದು ನಿಂತಿತು. ರೈಟರ್ ಹೇಳಿದ ಮಾತು ಇಲ್ಲಿ ಮುಳ್ಳಾಗುತ್ತದೆ. ಅದನ್ನು ಪತ್ರದ ನಡುವೆ ಸದ್ದಿಲ್ಲದೆ ತೂರಿಸಿದ್ದೀರಿ, ನನಗೆ ಮೊದಲು ಕಂಡದ್ದು ಅದೇ. ರಾತ್ರಿ ಕಾರು ಬಂದು ಹೋಗುವುದಷ್ಟರಿಂದ ಹೋಂಸ್ಟೇ ವೇಶ್ಯಾಗೃಹವಾಗುವುದಿಲ್ಲ. ಮುಳ್ಳಯ್ಯನಗಿರಿಯ ಸೂರ್ಯೋದಯ ನೋಡಲು ಬೆಂಗಳೂರಿನವರು ನಡುರಾತ್ರಿಯಲ್ಲೇ ಬಂದಿಳಿಯುತ್ತಾರೆ. ನೀವು ವಿಚಾರಿಸಿದ್ದೀರಿ, ಉತ್ತರ ಸಿಕ್ಕಿದೆ, ನಂಬಿದ್ದೀರಿ. ಇದು ನಿಮ್ಮ ಪರವಾದ ಸಂಗತಿಯೇ. ಆದರೆ ಆಮೇಲೆ ನಾಲ್ಕು ತಿಂಗಳಲ್ಲಿ ಒಮ್ಮೆಯಾದರೂ ಸ್ವತಃ ಹೋಗಿ ನೋಡಿದಿರಾ? ಅತಿಥಿಗಳ ರಿಜಿಸ್ಟರ್ ತೆರೆಸಿದಿರಾ? ಸರ್ಕಾರಿ ವಕೀಲರು ಕೇಳುವುದು ಇದನ್ನೇ. ಕಣ್ಣಿದ್ದೂ ಕುರುಡನಾದವನಿಗೆ ಗೊತ್ತಿತ್ತು ಎಂದು ವಾದಿಸುವುದು ಕಷ್ಟವಲ್ಲ. ರೈಟರನಿಗೆ ‘ಆ ಮಾತು ಹೇಳಬೇಡ’ ಎಂದು ಹೇಳಿಕೊಡಬೇಡಿ. ಆ ದಿನದ ನಿಮ್ಮ ಫೋನ್ ಕರೆಯ ವಿವರ ಹೇಗಿದ್ದರೂ ತನಿಖೆಗೆ ಸಿಗುತ್ತದೆ. ಮಾತು ಇತ್ತು, ವಿಚಾರಿಸಿದೆ, ಇಂಥ ಉತ್ತರ ಬಂತು ಎಂದು ನಿಮ್ಮ ವಕೀಲರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬಾಡಿಗೆ ಬ್ಯಾಂಕಿಗೆ ಬರುತ್ತಿತ್ತೇ, ಕೈಗೆ ಬರುತ್ತಿತ್ತೇ? ಆಸುಪಾಸಿನ ಹೋಂಸ್ಟೇಗಳ ಲೀಸಿನ ದರಕ್ಕೂ ನಿಮ್ಮ ನಲವತ್ತು ಸಾವಿರಕ್ಕೂ ಅಂತರವೆಷ್ಟು? ತಿಂಗಳ ಬಾಡಿಗೆ ಖಾತೆಗೆ ಬಂದು, ಅದು ಎಲ್ಲರ ದರದಷ್ಟೇ ಇದ್ದು, ದಾಳಿಯ ಕೋಣೆಯಿಂದ ನಿಮಗೆ ಬೇರೆ ಪಾಲು ಬರದಿದ್ದರೆ, ನಿಮ್ಮ ಸ್ಥಿತಿ ನೀವು ಹೆದರಿದಷ್ಟು ಕೆಟ್ಟಿಲ್ಲ.

ಒಂದು ಮೂಲೆ ಮಾತ್ರ ಅಪಾಯಕಾರಿ, ಅದನ್ನು ಎಷ್ಟೋ ವಕೀಲರೂ ಗಮನಿಸುವುದಿಲ್ಲ. ಕಲಂ 3ರಲ್ಲಿ 2ಎ ಎಂಬುದೊಂದಿದೆ. ಜಾಗದ ಶೋಧನೆಯಾಗಿ, ಅಲ್ಲಿ ವೇಶ್ಯಾವಾಟಿಕೆ ನಡೆಯುತ್ತಿದ್ದುದು ಕಂಡುಬಂದಿದೆ ಎಂದು ಮಾಲೀಕನಿರುವ ಪ್ರದೇಶದಲ್ಲಿ ಪ್ರಸಾರವಿರುವ ಪತ್ರಿಕೆಯಲ್ಲಿ ವರದಿ ಬಂದರೆ, ಅಥವಾ ಶೋಧನೆಯಲ್ಲಿ ಸಿಕ್ಕ ವಸ್ತುಗಳ ಪಟ್ಟಿಯ ಪ್ರತಿಯನ್ನು ಅವನಿಗೆ ಕೊಟ್ಟರೆ, ಅವನಿಗೆ ಗೊತ್ತಿದೆ ಎಂದೇ ಕಾನೂನು ಭಾವಿಸುತ್ತದೆ. ಇಲ್ಲ ಎಂದು ಸಾಬೀತುಪಡಿಸುವ ಹೊರೆ ಅವನದು. ಅಂದರೆ ಪೇಪರಿನ ಮೂಲೆಯಲ್ಲಿ ಬಂದ ಆ ನಾಲ್ಕು ಸಾಲು ನಿಮ್ಮ ಮನೆಯವರಿಗೆ ಅವಮಾನ, ಕಾನೂನಿಗೆ ನಿಮಗೆ ತಲುಪಿದ ತಿಳಿವಳಿಕೆ. ನಾನು ಓದುವ ಪ್ರಕಾರ ಕಾನೂನಿನ ಈ ಊಹೆ ಅನ್ವಯಿಸಬೇಕಾದದ್ದು ವರದಿಯ ನಂತರದ ದಿನಗಳಿಗೆ, ಹಿಂದಿನ ಎರಡು ವರ್ಷಕ್ಕಲ್ಲ. ಆದರೆ ವಿರುದ್ಧವಾಗಿ ವಾದಿಸುವವರು ಇದ್ದೇ ಇರುತ್ತಾರೆ. ಅದಕ್ಕೇ ಲೀಸನ್ನು ಇನ್ನೊಂದು ದಿನವೂ ಜೀವಂತ ಇಡಬಾರದು. ಹದಿನೈದು ದಿನ ಆಗಲೇ ಕಳೆದಿದೆ.

ಗೇಟಿನ ಬೀಗದ ಬಗ್ಗೆ. ತನಿಖಾಧಿಕಾರಿ ಮೊಬೈಲನ್ನೋ ನಗದನ್ನೋ ಜಪ್ತಿ ಮಾಡಬಹುದು. ಮನೆ ಜಮೀನಿನಂಥ ಸ್ಥಿರಾಸ್ತಿಯನ್ನು ತನಿಖೆಯ ಸಾಮಾನ್ಯ ಅಧಿಕಾರದಲ್ಲೇ ಜಪ್ತಿ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ನೆವಾಡಾ ಪ್ರಾಪರ್ಟೀಸ್ ಪ್ರಕರಣದಲ್ಲಿ ಹೇಳಿದೆ. ಐ.ಟಿ.ಪಿ. ಕಾಯ್ದೆಯಲ್ಲಿ ಜಾಗ ತೆರವು ಮಾಡಿಸುವ ಅಧಿಕಾರ ಕಲಂ 18ರ ಪ್ರಕಾರ ಮ್ಯಾಜಿಸ್ಟ್ರೇಟರದು. ಮೊದಲು ಏಳು ದಿನದ ಕಾರಣ ಕೇಳುವ ನೋಟಿಸು, ನಿಮ್ಮ ಮಾತು ಕೇಳಿದ ಮೇಲೆ ಆದೇಶ. ಹಾಗೆ ಆದೇಶವಾದರೆ ಒಂದು ವರ್ಷ ಕಾಲ, ಅಲ್ಲಿ ಅಪ್ರಾಪ್ತರು ಸಿಕ್ಕಿದ್ದರೆ ಮೂರು ವರ್ಷ, ಮ್ಯಾಜಿಸ್ಟ್ರೇಟರ ಒಪ್ಪಿಗೆಯಿಲ್ಲದೆ ಆ ಜಾಗವನ್ನು ಬೇರೆಯವರಿಗೆ ಕೊಡುವಂತಿಲ್ಲ. ಮಾಲೀಕ ನಿರ್ದೋಷಿ ಎಂದು ಮನವರಿಕೆಯಾದರೆ ಮನೆಯನ್ನು ಅವನಿಗೇ ವಾಪಸು ಕೊಡಿಸಲು ಅದೇ ಕಲಮಿನಲ್ಲಿ ಅವಕಾಶವಿದೆ. ಆದರೆ ಶಿಕ್ಷೆಯಾಗುವ ಮೊದಲು ಕಲಂ 18 ಕೂಡ ಆ 200 ಮೀಟರ್ ಒಳಗಿನ ಜಾಗಕ್ಕೆ ಮಾತ್ರ. ಹಾಗೆಂದು ನೀವೇ ಬೀಗ ಒಡೆಯಲು ಹೋಗಬೇಡಿ, ಅರ್ಜಿ ಹಾಕಿ ತೆಗೆಸಿಕೊಳ್ಳಿ.

200 ಮೀಟರನ್ನು ಹಗುರವಾಗಿ ಬಿಡಬೇಡಿ. ಮಲೆನಾಡಿನಲ್ಲಿ ಎಲ್ಲಿ ನಿಂತು ಕಲ್ಲೆಸೆದರೂ ಒಂದು ದೇವರ ಬನಕ್ಕೆ ಬೀಳುತ್ತದೆ. ಒಂದು ಕೇಸಿನಲ್ಲಿ ತೋಟದೊಳಗಿನ ಚೌಡಿ ಕಲ್ಲನ್ನೇ ‘ಸಾರ್ವಜನಿಕ ಪೂಜಾಸ್ಥಳ’ ಎಂದು ಮಹಜರಿನಲ್ಲಿ ಬರೆದಿದ್ದರು. ಪಾಟೀ ಸವಾಲಿನಲ್ಲಿ ನಾನು ಕೇಳಿದ್ದು ಮೂರೇ: ಅಲ್ಲಿಗೆ ದಾರಿ ಯಾವುದು, ವರ್ಷಕ್ಕೆ ಎಷ್ಟು ಸಲ ಪೂಜೆ, ಪೂಜೆಗೆ ಬರುವವರು ಯಾರು. ದಾರಿ ತೋಟದ ಗೇಟಿನೊಳಗಿಂದ, ಪೂಜೆ ವರ್ಷಕ್ಕೊಮ್ಮೆ ಕೊಯ್ಲು ಮುಗಿದ ಮೇಲೆ, ಬರುವವರು ತೋಟದ ಮನೆಯವರು ಮತ್ತು ಆಳುಗಳು. ಸಾರ್ವಜನಿಕ ಎಂಬ ಪದ ಅಲ್ಲೇ ಉದುರಿತು. ನಿಮ್ಮ ಮನೆಯಿಂದ ಅಂಗನವಾಡಿ, ಶಾಲೆ, ಊರ ದೇವಸ್ಥಾನ ಎಷ್ಟು ದೂರ ಎಂದು ಇವತ್ತೇ ಅಳತೆ ಮಾಡಿಸಿ ನಕ್ಷೆ ಬರೆಸಿಡಿ.

ಸ್ನೇಹಿತನ ಮಗನಿಗೆ ಬರೋಣ. ಗಿರಾಕಿಯನ್ನು ಶಿಕ್ಷಿಸಲು ಕಾಯ್ದೆಯಲ್ಲಿ ಪ್ರತ್ಯೇಕ ಕಲಂ ಇಲ್ಲ. ಕಲಂ 3 ಮನೆ ನಡೆಸಿದವನಿಗೆ, 4 ದುಡಿಮೆ ಉಂಡವನಿಗೆ, 5 ಕರೆತಂದವನಿಗೆ, 6 ಕೂಡಿಹಾಕಿದವನಿಗೆ. ಹಣ ಕೊಟ್ಟು ಕೋಣೆಗೆ ಹೋದವನು ಇವರಲ್ಲಿ ಯಾರೂ ಅಲ್ಲ. ಈ ತರ್ಕದಲ್ಲೇ ನಮ್ಮ ಕರ್ನಾಟಕ ಹೈಕೋರ್ಟ್ ಹಲವು ಆದೇಶಗಳಲ್ಲಿ ಗಿರಾಕಿಗಳ ಮೇಲಿನ ಪ್ರಕರಣಗಳನ್ನು ರದ್ದುಮಾಡಿದೆ. ಎಫ್‌ಐಆರ್ ರದ್ದತಿಗೆ 528ರ ಅರ್ಜಿ ಅವನಿಗಿರುವ ಒಳ್ಳೆಯ ದಾರಿ. ಆದರೆ ಕೇರಳದ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಹೆಣ್ಣು ಸರಕಲ್ಲ, ಆದ್ದರಿಂದ ಬಂದವನನ್ನು ಗ್ರಾಹಕ ಎನ್ನುವುದೇ ತಪ್ಪು, ಹಣ ಕೊಡುವವನು ಅವಳನ್ನು ಈ ಕೆಲಸಕ್ಕೆ ಪ್ರೇರೇಪಿಸುತ್ತಾನೆ, ಹಾಗಾಗಿ ಕಲಂ 5ಕ್ಕೆ ಬರುತ್ತಾನೆ ಎಂದು ಅಲ್ಲಿನ ಹೈಕೋರ್ಟ್ 2025ರಲ್ಲಿ ಹೇಳಿತು. ಕಲಂ 5ರ ಶಿಕ್ಷೆ ಮೂರರಿಂದ ಏಳು ವರ್ಷ. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಸರ್ಕಾರಿ ವಕೀಲರ ಕೈಗೆ ಒಂದು ಕೋಲು ಸಿಕ್ಕಿದೆ. ಆ ತೀರ್ಪಿನ ಭಾವ ನನಗೆ ಒಪ್ಪಿಗೆ, ಕಲಮನ್ನು ಎಳೆದ ರೀತಿ ಒಪ್ಪಿಗೆಯಿಲ್ಲ. ಗಿರಾಕಿಯನ್ನು ಶಿಕ್ಷಿಸಬೇಕೆಂದಿದ್ದರೆ ಅದನ್ನು ಬರೆಯಬೇಕಾದವರು ಸಂಸತ್ತಿನವರು.

ಅವನಿಗೆ ನಿಜವಾದ ಅಪಾಯ ಮೂರು ಕಡೆಯಿಂದ. ಜಾಗ 200 ಮೀಟರ್ ಒಳಗಿದ್ದರೆ ಕಲಂ 7 ಇಬ್ಬರನ್ನೂ ಹಿಡಿಯುತ್ತದೆ, ಮೂರು ತಿಂಗಳವರೆಗೆ. ಆ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹದಿನೆಂಟು ತುಂಬಿಲ್ಲ ಎಂದು ವೈದ್ಯಕೀಯ ವರದಿಯಲ್ಲೋ ಶಾಲಾ ದಾಖಲೆಯಲ್ಲೋ ಬಂದರೆ ಇಡೀ ಕೇಸು ಬೇರೆಯೇ ಆಗುತ್ತದೆ. ಪೋಕ್ಸೋ ಕಾಯ್ದೆಯಲ್ಲಿ ಒಪ್ಪಿಗೆ ಎಂಬ ಮಾತಿಗೇ ಬೆಲೆಯಿಲ್ಲ, ಶಿಕ್ಷೆ ಕನಿಷ್ಠ ಹತ್ತು ವರ್ಷ, ಹದಿನಾರು ತುಂಬಿರದಿದ್ದರೆ ಇಪ್ಪತ್ತು. ‘ನೋಡಿದರೆ ದೊಡ್ಡವಳಂತೆ ಕಂಡಳು’ ಎಂಬುದು ನಾನು ಕೇಳಿರುವ ಅತ್ಯಂತ ದುಬಾರಿ ವಾಕ್ಯ. ಮೂರನೆಯದು, ಅವಳನ್ನು ಸಾಗಿಸಿ ತಂದಿದ್ದಾರೆಂದು ಗೊತ್ತಿದ್ದೂ ಅಥವಾ ನಂಬಲು ಕಾರಣವಿದ್ದೂ ಹೋಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 144: ವಯಸ್ಕಳಾದರೆ ಮೂರರಿಂದ ಏಳು ವರ್ಷ, ಮಗುವಾದರೆ ಐದರಿಂದ ಹತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದರು, ಅವಳು ಅಳುತ್ತಿದ್ದಳು ಎಂಬ ವಿವರ ಯಾರದಾದರೂ ಹೇಳಿಕೆಯಲ್ಲಿ ಬಂದರೆ ‘ನಂಬಲು ಕಾರಣ’ ಅಲ್ಲೇ ಇದೆ. ಹಾಗೆ ಸಾಗಿಸಿ ತಂದವನಿಗೆ ಕಲಂ 143ರಲ್ಲಿ ಏಳರಿಂದ ಹತ್ತು ವರ್ಷ, ಒಬ್ಬರಿಗಿಂತ ಹೆಚ್ಚು ಮಂದಿಯನ್ನು ತಂದಿದ್ದರೆ ಹತ್ತು ವರ್ಷದಿಂದ ಜೀವಾವಧಿ. ನಿಮ್ಮ ಲೀಸಿನವನು ತಲೆಮರೆಸಿಕೊಂಡಿರುವುದು ಸುಮ್ಮನೆ ಅಲ್ಲ.

ಆ ಹುಡುಗನಿಗೆ ಇನ್ನೊಂದು ಮಾತು. ‘ಒಪ್ಪಿಕೊಂಡು ದಂಡ ಕಟ್ಟಿಬಿಡು, ಒಂದೇ ದಿನದಲ್ಲಿ ಮುಗಿಯುತ್ತದೆ’ ಎಂದು ಯಾರಾದರೂ ಹೇಳಿದರೆ ಬಸ್ ನಿಲ್ದಾಣದ ಆ ಹೆಂಗಸನ್ನು ನೆನೆಯಲಿ. ಸರ್ಕಾರಿ ನೌಕರಿಯ ಪೊಲೀಸ್ ಪರಿಶೀಲನೆಯಲ್ಲೂ ವೀಸಾ ಅರ್ಜಿಯಲ್ಲೂ ‘ಶಿಕ್ಷೆಯಾಗಿದೆಯೇ’ ಎಂಬ ಕಾಲಂ ಇರುತ್ತದೆ, ಎಷ್ಟು ರೂಪಾಯಿ ಎಂದು ಅಲ್ಲಿ ಕೇಳುವುದಿಲ್ಲ. ‘ವಿಡಿಯೋ ನನ್ನ ಬಳಿ ಇದೆ, ಹಣ ಕೊಟ್ಟರೆ ಸುದ್ದಿ ಮಾಡುವುದಿಲ್ಲ’ ಎಂಬ ಕರೆಗಳು ಅವನಿಗೂ ನಿಮಗೂ ಬರಬಹುದು. ಅದು ಸುಲಿಗೆ, ಏಳು ವರ್ಷದವರೆಗಿನ ಅಪರಾಧ. ಒಂದು ರೂಪಾಯಿಯನ್ನೂ ಕೊಡದೆ ಕರೆಯನ್ನು ರೆಕಾರ್ಡ್ ಮಾಡಿ ದೂರು ಕೊಡಿ.

ದಾಳಿಯ ವಿಧಿಯನ್ನೂ ನಿಮ್ಮ ವಕೀಲರು ಒಮ್ಮೆ ತಿರುವಿ ನೋಡಲಿ. ಈ ಕಾಯ್ದೆಯಡಿ ತನಿಖೆ ಎಲ್ಲ ಪೊಲೀಸರ ಕೆಲಸವಲ್ಲ, ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ವಿಶೇಷ ಪೊಲೀಸ್ ಅಧಿಕಾರಿಯದು. ಸುಪ್ರೀಂ ಕೋರ್ಟ್ ಅರವತ್ತರ ದಶಕದ ಆರಂಭದಲ್ಲೇ ರಾಮ್ ಸಿಂಗ್ ಪ್ರಕರಣದಲ್ಲಿ ಇದನ್ನು ಹೇಳಿದೆ. ವಾರಂಟ್ ಇಲ್ಲದೆ ಒಳಹೋಗುವ ಮುನ್ನ ಆ ಅಧಿಕಾರಿ ಕಾರಣ ಬರೆಯಬೇಕು, ಇಬ್ಬರು ಗೌರವಸ್ಥ ಪಂಚರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು, ಜೊತೆಗೆ ಇಬ್ಬರು ಮಹಿಳಾ ಪೊಲೀಸರಿರಬೇಕು. ಈಗ ಶೋಧನೆಯ ವಿಡಿಯೋ ಚಿತ್ರೀಕರಣವೂ ಕಡ್ಡಾಯ. ಸಬ್ ಇನ್ಸ್‌ಪೆಕ್ಟರ್ ಒಬ್ಬರೇ ಹೋಗಿ, ಪಂಚರಿಂದ ಠಾಣೆಯಲ್ಲಿ ಸಹಿ ಹಾಕಿಸಿಕೊಂಡ ಕೇಸುಗಳು ಇಲ್ಲೇ ಕುಸಿಯುತ್ತವೆ. ಆದರೆ ಇದನ್ನೇ ನಂಬಿ ಕೂರಬೇಡಿ. ಶೋಧನೆಯಲ್ಲಿ ಲೋಪವಾದ ಮಾತ್ರಕ್ಕೆ ಇಡೀ ವಿಚಾರಣೆ ಬಿದ್ದುಹೋಗದು, ಆರೋಪಿಗೆ ಅದರಿಂದ ಅನ್ಯಾಯವಾಗಿದೆ ಎಂದು ತೋರಿಸಬೇಕು ಎಂಬ ತೀರ್ಪೂ ಇದೆ.

ಹೋಂಸ್ಟೇ ನೋಂದಣಿ ನಿಮ್ಮ ಹೆಸರಿನಲ್ಲಿದೆ, ನಡೆಸುತ್ತಿದ್ದವನು ಬೇರೆ. ಮನೆಯವರು ವಾಸವಿದ್ದು ಅತಿಥಿಗಳನ್ನು ಇಟ್ಟುಕೊಳ್ಳುವುದಕ್ಕೆ ಹೋಂಸ್ಟೇ ಎನ್ನುತ್ತಾರೆ. ಈ ಬಗ್ಗೆ ಪ್ರವಾಸೋದ್ಯಮ ಇಲಾಖೆ ಕೇಳಿದರೆ ಹೇಳಲು ನಿಮ್ಮ ಬಳಿ ಒಳ್ಳೆಯ ಉತ್ತರವಿಲ್ಲ, ಇರುವುದನ್ನೇ ಹೇಳಿ. ಮುಂದೆ ನೀವೇ ನಡೆಸುವುದಾದರೆ ಅತಿಯಾಗಿ ಹೆದರಿ, ಮದುವೆಯಾಗದ ಜೋಡಿಗೆಲ್ಲ ಬಾಗಿಲು ಹಾಕಬೇಡಿ. ಇಬ್ಬರು ವಯಸ್ಕರು ಒಂದು ಕೋಣೆ ಹಿಡಿಯುವುದನ್ನು ತಡೆಯುವ ಕಾನೂನೇ ಇಲ್ಲವೆಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ, ಕೊಯಮತ್ತೂರಿನ ಇಂಥದ್ದೇ ಒಂದು ಬೀಗಮುದ್ರೆಯ ಪ್ರಕರಣದಲ್ಲಿ ಹೇಳಿದೆ. ಗುರುತಿನ ಚೀಟಿ ಪಡೆಯಿರಿ, ರಿಜಿಸ್ಟರಿನಲ್ಲಿ ಅವರ ಕೈಯಿಂದಲೇ ಬರೆಸಿ.

ಈ ವಾರದ ಕೆಲಸ ಎರಡು. ಗೇಟಿನ ಕ್ಯಾಮೆರಾದ ಡಿ.ವಿ.ಆರ್. ಪೆಟ್ಟಿಗೆ ಜಪ್ತಿಯಾಗಿದೆಯೇ ಎಂದು ಮಹಜರಿನಲ್ಲಿ ನೋಡಿ. ಆಗಿರದಿದ್ದರೆ, ಹಳೆಯ ದೃಶ್ಯದ ಮೇಲೆ ಹೊಸದು ಅಚ್ಚಾಗಿ ಅಳಿಯುವ ಮೊದಲು ಅದನ್ನು ವಶಕ್ಕೆ ಪಡೆಯುವಂತೆ ತನಿಖಾಧಿಕಾರಿಗೆ ನೀವೇ ಲಿಖಿತ ಅರ್ಜಿ ಕೊಡಿ. ನೀವು ಅಲ್ಲಿಗೆ ಎಷ್ಟು ಸಲ ಹೋಗಿದ್ದಿರಿ ಎಂಬುದಕ್ಕೆ ಅದಕ್ಕಿಂತ ನಿಷ್ಪಕ್ಷಪಾತ ಸಾಕ್ಷಿ ಬೇರೆ ಇಲ್ಲ, ಅದು ನಿಮ್ಮ ಪರವಾಗಿರುತ್ತದೆ ಎಂಬ ಧೈರ್ಯ ನಿಮಗಿದ್ದರೆ. ಇನ್ನೊಂದು, ಲೀಸು ರದ್ದತಿಯ ನೋಟಿಸು. ಲೀಸಿನವನು ಊರಲ್ಲಿಲ್ಲ ಎಂದು ಬಿಡಬೇಡಿ. ಕರಾರಿನಲ್ಲಿರುವ ಅವನ ವಿಳಾಸಕ್ಕೆ ನೋಂದಣಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ‘ವಿಳಾಸದಾರ ಇಲ್ಲ’ ಎಂಬ ಷರಾದೊಂದಿಗೆ ಲಕೋಟೆ ವಾಪಸು ಬರುತ್ತದೆ. ಅದನ್ನು ಒಡೆಯದೆ, ಹಾಗೆಯೇ, ವಕೀಲರ ಕೈಗೆ ಕೊಡಿ.